ಡಿವಿಆರ್ ಬೀಪ್ ಅಂತೇತಿ, ರೆಕಾರ್ಡಿಂಗ್ ಕಾಣವಲ್ದು

ಪ್ರಶ್ನೆ: ಸರ್, ಗದಗದಾಗ ನಮ್ದು ಕಿರಾಣಿ ಅಂಗಡಿ ಐತ್ರಿ, ನಾಕು ಕ್ಯಾಮೆರಾ ಹಾಕ್ಸೀವಿ. ಮೊನ್ನೆ ಕರೆಂಟ್ ಹೋಗಿ ಬಂದ ಮ್ಯಾಲೆ ಡಿವಿಆರ್ (ಕ್ಯಾಮೆರಾದ ವಿಡಿಯೋ ರೆಕಾರ್ಡ್ ಮಾಡೋ ಡಬ್ಬಿ) ಬೀಪ್ ಬೀಪ್ ಅನ್ನಾಕತ್ತೇತಿ, ಲೈವ್ ಬರ್ತೇತಿ, ಹಳೇ ರೆಕಾರ್ಡಿಂಗ್ ಇಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ಕಂಪ್ಯೂಟರ್‌ಗೆ ಹಚ್ಚಿದ್ರ ಫಾರ್ಮ್ಯಾಟ್ ಮಾಡು ಅಂತೇತಿ, ಮಾಡ್ಲೇನ್ರಿ?

ಉತ್ತರ: ಬ್ಯಾಡ್ರಿಯಪ್ಪಾ, ಒತ್ತಬ್ಯಾಡ್ರಿ! ಭಾಳಷ್ಟು ಡಿವಿಆರ್ ತಮ್ಮದ ರೀತಿಯೊಳಗ ಬರ್ಕೊಂಡಿರ್ತಾವ, ವಿಂಡೋಸ್‌ಗೆ ಅದು ಓದಾಕ ಬರಂಗಿಲ್ಲ, ಅದಕ್ಕ ಹಂಗ ಕೇಳ್ತೇತಿ. ಪ್ಲಗ್ ತಗದು, ಡಿಸ್ಕ್ ವಾಪಸ್ ಕೂಡ್ಸಿ, ಸಾಟಾ ಕೇಬಲ್ (ಡಿಸ್ಕಿಗೆ ಡೇಟಾ ಹೋಗಿ ಬರೋ ವೈರು) ಬದಲಿಸಿ ನೋಡ್ರಿ, ಎಷ್ಟೋ ಸಲ ಅದ ಸಡ್ಲ ಆಗಿರ್ತೇತಿ. ಆಮ್ಯಾಲೆ ತಾರೀಖು ನೋಡ್ರಿ. ಒಳಗ ರೂಪಾಯಿ ಬಿಲ್ಲೆಯಂಥಾ ಸಿಆರ್ 2032 ಶೆಲ್ ಸತ್ತಿದ್ರ ಕರೆಂಟ್ ಹೋದಾಗ ತಾರೀಖು 2000ಕ್ಕೋ 1970ಕ್ಕೋ ಹೋಗಿಬಿಡ್ತೇತಿ, ನೀವು ಇವತ್ತಿನ ದಿನದಾಗ ಹುಡುಕ್ತೀರಿ, ಹೊಸಾ ರೆಕಾರ್ಡಿಂಗ್ ಆ ತಪ್ಪು ತಾರೀಖಿನಾಗ ಕುಂತಿರ್ತೇತಿ.

ಡಿಸ್ಕ್ ಕಟ್ ಕಟ್ ಅಂದ್ರ ಮಾತ್ರ ತಕ್ಷಣ ಬಂದ್ ಮಾಡಿ, ಡೇಟಾ ರಿಕವರಿಯವ್ರ ಕೈಗೆ ಕೊಡ್ರಿ. ಹಳೇದು ಬೇಕಾಗಿದ್ರ ರೆಕಾರ್ಡಿಂಗೂ ನಿಲ್ಲಸ್ರಿ, ನಾಕು ಕ್ಯಾಮೆರಾ ತಲಾ 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಅಂದ್ರೂ 1 ಟಿಬಿ ಡಿಸ್ಕ್ 11–12 ದಿನದಾಗ ತುಂಬಿ ಹಳೇದರ ಮ್ಯಾಲೆ ಬರ್ಕೋತ ಹೋಗ್ತೇತಿ. ಮತ್ತ ಹೊಸಾದು ತರೂದಾದ್ರ ಸರ್ವೇಲನ್ಸ್ ಡಿಸ್ಕ (ಕ್ಯಾಮೆರಾ ರೆಕಾರ್ಡಿಂಗಿಗಂತನ ಮಾಡಿದ್ದು) ತರ್ರಿ, ಜೋಡಿ ಒಂದು ಸಣ್ಣ ಯುಪಿಎಸ್.