ಎಂಪಿಎಚ್ ಅರ್ಜಿ: ಕಾಡುತ್ತಿರುವುದು ಅಂಕವೇ, ಗೊಂದಲವೇ?

ಪ್ರಶ್ನೆ: ನಾನು ನರ್ಸಿಂಗ್ ಪದವೀಧರೆ. ನಾಲ್ಕು ವರ್ಷಗಳಿಂದ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿದ್ದೇನೆ. ಕಳೆದ ವರ್ಷ ಸೋಂಕು ನಿಯಂತ್ರಣ ಸಮಿತಿಗಾಗಿ ಗಾಯದ ಸೋಂಕುಗಳ ದಾಖಲೆ ಇಡುವ ಕೆಲಸ ನನ್ನ ಪಾಲಿಗೆ ಬಂತು. ಅದು ಎಷ್ಟು ಹಿಡಿಸಿತೆಂದರೆ, ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಓದಲು ಹತ್ತು ವಿಶ್ವವಿದ್ಯಾಲಯಗಳ ಪಟ್ಟಿಯನ್ನೇ ಮಾಡಿಕೊಂಡಿದ್ದೇನೆ. ಆದರೆ ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡಬೇಕೋ ಎಂಎಸ್ (ವಿಜ್ಞಾನದ ಸ್ನಾತಕೋತ್ತರ ಪದವಿ) ಮಾಡಬೇಕೋ ತಿಳಿಯುತ್ತಿಲ್ಲ. ಪದವಿಯಲ್ಲಿ ಸಂಖ್ಯಾಶಾಸ್ತ್ರ ಮೊದಲ ಸಲ ಫೇಲಾಗಿ ಎರಡನೇ ಸಲ ಪಾಸಾಯಿತು. ಕನ್ಸಲ್ಟೆನ್ಸಿಯವರು ಎಲ್ಲ ಕಡೆಗೂ ಹೊಂದುವ ಒಂದು ಉದ್ದೇಶಪತ್ರ (ಈ ಕೋರ್ಸ್ ಏಕೆ ಓದಬೇಕೆಂದು ಅರ್ಜಿಯೊಂದಿಗೆ ಕೊಡುವ ಪತ್ರ) ಬರೆದುಕೊಟ್ಟಿದ್ದಾರೆ. ಪ್ರಾಂಶುಪಾಲರ ಶಿಫಾರಸು ತನ್ನಿ ಎನ್ನುತ್ತಾರೆ. ಅವರಿಗೋ ನನ್ನ ಮುಖವೇ ನೆನಪಿಲ್ಲ. ಇದರ ನಡುವೆ ಸಹೋದ್ಯೋಗಿಯೊಬ್ಬರು 'ರೋಗಿಗಳನ್ನು ಬಿಟ್ಟು ಓಡಿಹೋಗ್ತಿದೀಯ' ಎಂದದ್ದು ಮನಸ್ಸಿನಿಂದ ಹೋಗುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಹೆದರಿರುವುದು ಫೇಲಾದ ವಿಷಯಕ್ಕೆ. ನಮಗೆ ಆತಂಕವಾದದ್ದು ಆ 'ಎಲ್ಲ ಕಡೆಗೂ ಹೊಂದುವ' ಪತ್ರದ ಮಾತು ಕೇಳಿ. ಸಾರ್ವಜನಿಕ ಆರೋಗ್ಯ ಶಾಲೆಗಳಲ್ಲಿ ಬಹುತೇಕ ಅರ್ಜಿ ಹೋಗುವುದು ಒಂದು ವಿಭಾಗಕ್ಕೆ: ಸಾಂಕ್ರಾಮಿಕ ರೋಗಶಾಸ್ತ್ರ (ಎಪಿಡೆಮಿಯಾಲಜಿ), ಜೈವಿಕ ಸಂಖ್ಯಾಶಾಸ್ತ್ರ, ಆರೋಗ್ಯ ನೀತಿ, ಪರಿಸರ ಆರೋಗ್ಯ, ವರ್ತನೆ ಮತ್ತು ಸಮುದಾಯ ಆರೋಗ್ಯ, ಹೀಗೆ. ಓದುವವರು ಆ ವಿಭಾಗದ ಅಧ್ಯಾಪಕರು. ಐದೂ ವಿಭಾಗಕ್ಕೆ ಒಪ್ಪುವ ಪತ್ರ ಅಂದರೆ, ಅವರ ಮಟ್ಟಿಗೆ, ಯಾರಿಗೂ ಬರೆಯದ ಪತ್ರ.

ಮೊದಲು ಓಡಿಹೋಗುವ ಮಾತು ಮುಗಿಸಿಬಿಡೋಣ. ರಾತ್ರಿ ಪಾಳಿಯಿಂದ ಬೇಸತ್ತು ಹೊರಟಿದ್ದರೆ ಅದೂ ತಪ್ಪಲ್ಲ. ಆದರೆ ಪಾಳಿ ಬದಲಿಸಲು ಇಷ್ಟು ದುಬಾರಿ ದಾರಿ ಬೇಕಿಲ್ಲ. ಸಾರ್ವಜನಿಕ ಆರೋಗ್ಯದ ಪದವಿ ನಿಮಗೆ ಚಿಕಿತ್ಸೆ ಮಾಡುವ ಹೊಸ ಪರವಾನಗಿ ಕೊಡುವುದಿಲ್ಲ. ದಿನದ ಹೆಚ್ಚು ಹೊತ್ತು ಕಳೆಯುವುದು ದತ್ತಾಂಶ ಶುದ್ಧ ಮಾಡುವುದರಲ್ಲಿ, ವರದಿ ಬರೆಯುವುದರಲ್ಲಿ, ಸಭೆಗಳಲ್ಲಿ. ದಾಖಲೆ ಇಡುವ ಕೆಲಸ ಯಾರೂ ನೋಡದಿದ್ದಾಗಲೂ ನಿಮ್ಮನ್ನು ಹಿಡಿದು ಕೂರಿಸುತ್ತಿತ್ತು ಎಂದಾದರೆ ಸಹೋದ್ಯೋಗಿಯ ಮಾತಿಗೆ ಉತ್ತರ ಸಿಕ್ಕಿದಂತೆ.

ಇನ್ನು ಎಂಪಿಎಚ್, ಎಂಎಸ್ ವಿಚಾರ. ಎಂಪಿಎಚ್ ವೃತ್ತಿಪರ ಪದವಿ. ಅಮೆರಿಕದಲ್ಲಿ ಇದಕ್ಕೆ ಮಾನ್ಯತೆ ಕೊಡುವ ಸಂಸ್ಥೆ ಸಿಇಪಿಎಚ್. ಅದರ ನಿಯಮದಂತೆ ಕನಿಷ್ಠ 42 ಸೆಮಿಸ್ಟರ್ ಕ್ರೆಡಿಟ್ ಇರಬೇಕು, 22 ಮೂಲ ಸಾಮರ್ಥ್ಯಗಳನ್ನು ಕಲಿಸಬೇಕು. ಜೊತೆಗೆ ಹೊರಗಿನ ಸಂಸ್ಥೆಯೊಂದಕ್ಕೆ ನಿಜವಾಗಿ ಉಪಯೋಗವಾಗುವ ಕನಿಷ್ಠ ಎರಡು ಕೆಲಸಗಳನ್ನು ವಿದ್ಯಾರ್ಥಿ ಮಾಡಿಕೊಡಬೇಕು. ಒಂದು ತರಬೇತಿ ಕೈಪಿಡಿ, ಒಂದು ಮೌಲ್ಯಮಾಪನ ವರದಿ, ಈ ತರದ್ದು. ಎಂಎಸ್ ಸಂಶೋಧನೆಯ ಕಡೆ ವಾಲಿದ ಪದವಿ: ವಿಷಯ ಕಡಿಮೆ, ಆಳ ಹೆಚ್ಚು, ಸಾಮಾನ್ಯವಾಗಿ ಕೊನೆಗೊಂದು ಪ್ರಬಂಧ. ಮುಂದೆ ಪಿಎಚ್‌ಡಿ ಮನಸ್ಸಿನಲ್ಲಿದ್ದರೆ ಎಂಎಸ್ ನೇರ ದಾರಿ. ಆಸ್ಪತ್ರೆಯ ಸೋಂಕು ನಿಯಂತ್ರಣ ಅಥವಾ ಆರೋಗ್ಯ ಇಲಾಖೆಯ ರೋಗ ಕಣ್ಗಾವಲು ವಿಭಾಗದಲ್ಲಿ ಕೆಲಸ ಬೇಕೆಂದರೆ ಸಾಂಕ್ರಾಮಿಕ ರೋಗಶಾಸ್ತ್ರದ ಎಂಪಿಎಚ್ ಸರಿ. ನಿಮ್ಮ ಪ್ರಶ್ನೆ ಓದಿದರೆ ನೀವು ಈ ಎರಡನೇ ಗುಂಪಿನವರು. ಜೈವಿಕ ಸಂಖ್ಯಾಶಾಸ್ತ್ರದ ಗೊಡವೆ ಸದ್ಯಕ್ಕೆ ಬೇಡ. ಆ ವಿಭಾಗದವರು ಸಾಮಾನ್ಯವಾಗಿ ಬಹುಚರ ಕಲನಶಾಸ್ತ್ರ ಮತ್ತು ರೇಖೀಯ ಬೀಜಗಣಿತ ಓದಿದ್ದೀರಾ ಎಂದೇ ಕೇಳುತ್ತಾರೆ.

ಹಣದ ಮಾತನ್ನು ಈಗಲೇ ಹೇಳಿಬಿಡಬೇಕು. ಅಮೆರಿಕದ ಪಿಎಚ್‌ಡಿಗಳಲ್ಲಿ ಶುಲ್ಕ ಮನ್ನಾ ಮತ್ತು ಸ್ಟೈಪೆಂಡ್ ಸಾಮಾನ್ಯ. ಎಂಪಿಎಚ್‌ಗೆ ಸಿಗುವುದು ಹೆಚ್ಚಾಗಿ ಭಾಗಶಃ ವಿದ್ಯಾರ್ಥಿವೇತನ. ಪ್ರವೇಶ ಸಿಕ್ಕ ಮೇಲೆ ಹೆಚ್ಚಿನ ನೆರವು ಕೇಳಬಹುದು, ಕೇಳಿ. ಆದರೆ ಪೂರ್ತಿ ಸಿಗುತ್ತದೆಂಬ ನಂಬಿಕೆಯ ಮೇಲೆ ಪಟ್ಟಿ ಕಟ್ಟಬೇಡಿ. ಒಂದು ವರ್ಷದ ಎಂಪಿಎಚ್ ಕಂಡು ಆಸೆಪಡುವವರು ಅರ್ಹತೆ ನೋಡಿಕೊಳ್ಳಬೇಕು: ಜಾನ್ಸ್ ಹಾಪ್ಕಿನ್ಸ್‌ನ ಪೂರ್ಣಾವಧಿ ಎಂಪಿಎಚ್ 11 ತಿಂಗಳದ್ದು, ಅದು ಕೆಲಸದ ಅನುಭವ ಇದ್ದವರಿಗಾಗಿಯೇ ಕಟ್ಟಿದ ಕೋರ್ಸ್. ನಿಮ್ಮ ನಾಲ್ಕು ವರ್ಷ ಇಂಥಲ್ಲಿ ಲೆಕ್ಕಕ್ಕೆ ಬರುತ್ತದೆ.

ಈಗ ಉದ್ದೇಶಪತ್ರ. ಕನ್ಸಲ್ಟೆನ್ಸಿಯ ಪತ್ರದ ಮೊದಲ ಸಾಲು ಹೇಗಿರಬಹುದೆಂದು ಊಹಿಸಬಲ್ಲೆವು: 'ಬಾಲ್ಯದಿಂದಲೂ ಸಮಾಜಸೇವೆ ನನ್ನ ಕನಸು.' ಇದರಲ್ಲಿ ಓದುವವರಿಗೆ ಏನೂ ಸಿಗುವುದಿಲ್ಲ. ನಿಮ್ಮ ಕೈಯಲ್ಲಿ ಇದಕ್ಕಿಂತ ಗಟ್ಟಿ ಸರಕಿದೆ. ಶಸ್ತ್ರಚಿಕಿತ್ಸೆಯ ಗಾಯದ ಸೋಂಕನ್ನು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ವ್ಯಾಖ್ಯಾನದಂತೆ 30 ದಿನ, ಕೆಲವು ಬಗೆಯ ಶಸ್ತ್ರಚಿಕಿತ್ಸೆಗಳಲ್ಲಿ ಆಳದ ಸೋಂಕಿಗೆ 90 ದಿನ ನೋಡಬೇಕು. ರೋಗಿ ವಾರ್ಡಿನಲ್ಲಿರುವುದು ನಾಲ್ಕೈದು ದಿನ. ಹತ್ತನೇ ದಿನ ಮನೆಯಲ್ಲಿ ಕೀವಾದದ್ದು ನಿಮ್ಮ ವಹಿಯಲ್ಲಿ ದಾಖಲಾಯಿತೇ? ಆಗಿರದಿದ್ದರೆ ನಿಮ್ಮ ಆಸ್ಪತ್ರೆಯ ಸೋಂಕಿನ ದರ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಛೇದದಲ್ಲಿ ಎಲ್ಲ ಶಸ್ತ್ರಚಿಕಿತ್ಸೆಗಳಿವೆ, ಅಂಶದಲ್ಲಿ ವಾರ್ಡಿನಲ್ಲಿ ಸಿಕ್ಕವು ಮಾತ್ರ. ಈ ಸಮಸ್ಯೆ ನಿಮಗೆ ಎದುರಾಗಿದ್ದರೆ ಪತ್ರ ಅಲ್ಲಿಂದಲೇ ಶುರುವಾಗಲಿ: ಏನು ಕಂಡಿರಿ, ಏನು ಮಾಡಿ ನೋಡಿದಿರಿ (ಬಿಡುಗಡೆಯಾದ ಮೇಲೆ ಫೋನ್ ಮಾಡಿ ವಿಚಾರಿಸಿದಿರಾ?), ಎಲ್ಲಿ ಕೈಸೋತಿತು, ಅದಕ್ಕೆ ಬೇಕಾದ ಯಾವ ವಿದ್ಯೆ ನಿಮ್ಮಲ್ಲಿಲ್ಲ. ಆ ಇಲ್ಲದ ವಿದ್ಯೆಯ ಹೆಸರೇ ನೀವು ಆರಿಸುವ ವಿಭಾಗ. ಎದುರಾಗದಿದ್ದರೆ ಬೇರೆ ಯಾವುದು ಎದುರಾಯಿತೋ ಅದನ್ನು ಬರೆಯಿರಿ; ಇದನ್ನು ನಕಲು ಮಾಡಬೇಡಿ. ಸಂದರ್ಶನವಿದ್ದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಪತ್ರದ ಮುಕ್ಕಾಲು ಭಾಗ ಎಲ್ಲ ಶಾಲೆಗಳಿಗೂ ಒಂದೇ ಇರಬಹುದು. ಉಳಿದ ಕಾಲು ಭಾಗ ಆಯಾ ಶಾಲೆಯದು: ಯಾವ ಕೋರ್ಸು, ಯಾರ ಸಂಶೋಧನೆ, ಪ್ರಾಯೋಗಿಕ ಕೆಲಸಕ್ಕೆ ಯಾವ ಅವಕಾಶ. ಶಾಲೆಯ ಹೆಸರು ಬದಲಿಸಲು ಮರೆತು ಇನ್ನೊಂದು ಶಾಲೆಯ ಹೆಸರಿನಲ್ಲೇ ಕಳುಹಿಸುವವರು ಇದ್ದಾರೆ, ನಗಬೇಡಿ. ರೋಗಿಗಳ ಗುರುತು ಸಿಗುವ ವಿವರ, ಆಸ್ಪತ್ರೆ ಪ್ರಕಟಿಸದ ಅಂಕಿ ಯಾವುದನ್ನೂ ಹಾಕಬೇಡಿ. ಸಾರ್ವಜನಿಕ ಆರೋಗ್ಯದವರ ಮುಂದೆ ಇದು ದೊಡ್ಡ ತಪ್ಪು.

ಸಂಖ್ಯಾಶಾಸ್ತ್ರದ ಫೇಲನ್ನು ಮುಚ್ಚಿಡುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಮೂರು ಸಾಲು ಸಾಕು: ಏನಾಯಿತು, ಮತ್ತೆ ಬರೆದು ಪಾಸಾದೆ, ಆಮೇಲೆ ಇದನ್ನು ಮಾಡಿದೆ. ಆ ಮೂರನೆಯ ಸಾಲಿಗೆ ಈಗ ಏನಾದರೂ ಮಾಡಬೇಕು. ಅರ್ಜಿಗೆ ಮೊದಲೇ ಮುಗಿಯುವಂಥ, ಗ್ರೇಡ್ ಮತ್ತು ಅಂಕಪಟ್ಟಿ ಕೊಡುವ ಮೂಲ ಜೈವಿಕ ಸಂಖ್ಯಾಶಾಸ್ತ್ರದ ಕೋರ್ಸೊಂದನ್ನು ಮಾಡಿ. ಬರೀ ವಿಡಿಯೊ ನೋಡಿ ಪಡೆದ ಪ್ರಮಾಣಪತ್ರಕ್ಕೆ ತೂಕ ಕಡಿಮೆ. ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಅನೇಕ ಶಾಲೆಗಳು ಈಗ ಕೇಳುವುದಿಲ್ಲ. ಆದರೂ ಐಚ್ಛಿಕ ಎಂದಿರುವ ಕಡೆ ಗಣಿತ ವಿಭಾಗದಲ್ಲಿ ಒಳ್ಳೆಯ ಅಂಕ ಬಂದರೆ ನಿಮ್ಮಂಥವರಿಗೆ ಲಾಭವೇ. ಸಾಧಾರಣ ಅಂಕ ಬಂದರೆ ಕಳುಹಿಸದಿದ್ದರಾಯಿತು. ಜಿಆರ್‌ಇ ಅಂಕ ಐದು ವರ್ಷ ನಡೆಯುತ್ತದೆ, ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನದು ಎರಡೇ ವರ್ಷ. ಬರೆಯುವ ದಿನ ಗೊತ್ತುಮಾಡುವಾಗ ನೆನಪಿರಲಿ.

ಶಿಫಾರಸಿಗೆ ಪ್ರಾಂಶುಪಾಲರು ಬೇಡ. ಸಾಮಾನ್ಯವಾಗಿ ಮೂರು ಪತ್ರ ಬೇಕು. ಸೋಂಕು ನಿಯಂತ್ರಣ ಸಮಿತಿಯಲ್ಲಿ ನಿಮ್ಮ ಕೆಲಸ ನೋಡಿದವರು ಒಬ್ಬರು, ವಾರ್ಡಿನ ಮೇಲ್ವಿಚಾರಕಿ ಒಬ್ಬರು, ಪಾಠ ಮಾಡಿದ ಅಧ್ಯಾಪಕರು ಒಬ್ಬರು. ಎರಡನೇ ಸಲ ಸಂಖ್ಯಾಶಾಸ್ತ್ರ ಕಲಿಸಿದವರೇ ಆದರೆ ಇನ್ನೂ ಒಳ್ಳೆಯದು. ಕೇಳುವುದು ಎಂಟು ವಾರ ಮೊದಲು. ಕೇಳುವಾಗ ಬಯೊಡೇಟಾ, ಉದ್ದೇಶಪತ್ರದ ಕರಡು, ಅವರು ಕಣ್ಣಾರೆ ಕಂಡ ಎರಡು ಸಂದರ್ಭಗಳ ಟಿಪ್ಪಣಿ ಮತ್ತು ಕೊನೆಯ ದಿನಾಂಕ ಕೊಡಿ. 'ನೀನೇ ಬರೆದು ತಾ, ಸಹಿ ಹಾಕ್ತೀನಿ' ಎನ್ನುವವರಿಗೆ ಆ ಟಿಪ್ಪಣಿಯನ್ನೇ ಕೈಗಿಡಿ; ಮೂರೂ ಪತ್ರ ಒಂದೇ ಬರವಣಿಗೆಯ ಧಾಟಿಯಲ್ಲಿದ್ದರೆ ಓದುವವರಿಗೆ ಗೊತ್ತಾಗುತ್ತದೆ. ಶಿಫಾರಸು ಬರೆಯುವವರ ಸಂಸ್ಥೆಯ ಇಮೇಲನ್ನೇ ಅರ್ಜಿಯಲ್ಲಿ ಕೊಡಿ, ಅಲ್ಲಿಗೆ ಬರುವ ಕೋರಿಕೆ ಸ್ಪ್ಯಾಮ್‌ಗೆ ಹೋಗಿದೆಯೇ ನೋಡಲು ಹೇಳಿ. ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಎಂದು ಅರ್ಜಿ ಕೇಳುತ್ತದೆ. ಹೌದು ಅನ್ನಿ, ಗುಟ್ಟಾಗಿ ಬರೆದ ಪತ್ರಕ್ಕೆ ನಂಬಿಕೆ ಹೆಚ್ಚು.

ಅರ್ಜಿ ಸಲ್ಲಿಸುವ ವಿಧಾನದಲ್ಲಿ ಎಡವುವವರೇ ಜಾಸ್ತಿ. ಹೆಚ್ಚಿನ ಮಾನ್ಯತೆ ಪಡೆದ ಶಾಲೆಗಳು ಸೋಫಾಸ್ ಎಂಬ ಸಾಮಾನ್ಯ ಅರ್ಜಿ ವ್ಯವಸ್ಥೆಯ ಮೂಲಕ ಅರ್ಜಿ ಪಡೆಯುತ್ತವೆ. ಕೆಲವಕ್ಕೆ ತಮ್ಮದೇ ಪೋರ್ಟಲ್. ವಿದೇಶಿ ಅಂಕಪಟ್ಟಿಗಳಿಗೆ ವಿದೇಶಿ ಪದವಿಗಳನ್ನು ತೂಗಿ ನೋಡುವ ಡಬ್ಲ್ಯುಇಎಸ್‌ನಂಥ ಸಂಸ್ಥೆಯಿಂದ ಕೋರ್ಸ್‌ವಾರು ಮೌಲ್ಯಮಾಪನ ಬೇಕು, ಅದಕ್ಕೆ ನಿಮ್ಮ ವಿಶ್ವವಿದ್ಯಾಲಯವೇ ದಾಖಲೆ ಕಳುಹಿಸಬೇಕು. ತಡವಾಗುವುದು ಇಲ್ಲೇ. ಪಾಸ್‌ಪೋರ್ಟಿನಲ್ಲಿ ಪೂರ್ತಿ ಹೆಸರು, ಅಂಕಪಟ್ಟಿಯಲ್ಲಿ ಇನಿಷಿಯಲ್ ಇದ್ದರೆ ಎರಡನ್ನೂ ಅರ್ಜಿಯಲ್ಲಿ ನಮೂದಿಸಿ, ಇಲ್ಲದಿದ್ದರೆ ದಾಖಲೆ ಬಂದರೂ ನಿಮ್ಮ ಕಡತಕ್ಕೆ ಸೇರದೆ ಕೂರುತ್ತದೆ. ಎಲ್ಲ ಸೇರಿದ ಮೇಲೂ ಸೋಫಾಸ್‌ನ ಪರಿಶೀಲನೆಗೆ ನಾಲ್ಕು ವಾರದವರೆಗೆ ಹಿಡಿಯಬಹುದು. ಅನೇಕ ಶಾಲೆಗಳ ಗಡುವು ಡಿಸೆಂಬರ್ ಅಥವಾ ಜನವರಿ. ಗಡುವಿನ ದಿನ 'ಸಲ್ಲಿಸಿದರೆ' ಸಾಕೋ, 'ಪರಿಶೀಲನೆ ಮುಗಿದಿರಬೇಕೋ' ಎಂಬುದು ಶಾಲೆಯಿಂದ ಶಾಲೆಗೆ ಬೇರೆ, ಒಂದೊಂದರದ್ದೂ ಬರೆದಿಟ್ಟುಕೊಳ್ಳಿ. ವಿಶ್ವವಿದ್ಯಾಲಯಕ್ಕೆ ಅಂಕಪಟ್ಟಿಯ ಕೋರಿಕೆ ಆಗಸ್ಟ್‌ನಲ್ಲೇ ಹೋಗಲಿ.

ಹತ್ತು ಶಾಲೆ ಹೆಚ್ಚಾಯಿತು. ಐದಾರು ಸಾಕು: ಆಸೆಯವು ಎರಡು, ನಿಮ್ಮ ಮಟ್ಟದವು ಮೂರು, ಸಿಗುವ ಸಂಭವ ಚೆನ್ನಾಗಿರುವುದು ಒಂದು. ಎಲ್ಲವೂ ಸಾಂಕ್ರಾಮಿಕ ರೋಗಶಾಸ್ತ್ರಕ್ಕೇ ಇರಲಿ. ಸಮಿತಿಯ ಅಧ್ಯಕ್ಷರಿಗೆ ಈ ವಾರವೇ ಶಿಫಾರಸಿನ ಮಾತು ಹೇಳಿ, ಹಾಗೆಯೇ ಬಿಡುಗಡೆಯಾದ ರೋಗಿಗಳನ್ನು 30ನೇ ದಿನದವರೆಗೆ ಫೋನಿನಲ್ಲಿ ವಿಚಾರಿಸುವ ಕೆಲಸಕ್ಕೆ ಅವರ ಒಪ್ಪಿಗೆ ಕೇಳಿ. ಒಪ್ಪಿದರೆ, ಅರ್ಜಿ ಹೋಗುವ ಹೊತ್ತಿಗೆ ಮೂರು ತಿಂಗಳ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.