ಸ್ವಂತ ಕೈಯಿಂದ ವಿಮಾನ ಕಟ್ಟುವವರ ಕ್ಲಬ್ಬಿನಲ್ಲಿ ಏನು ನಡೆಯುತ್ತದೆ? ಏನೂ ಬಾರದವರು ಸೇರಬಹುದೇ?

ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ. ಹವ್ಯಾಸಕ್ಕಾಗಿ ವಿಮಾನ ಕಟ್ಟುವವರೂ ಹಾರಿಸುವವರೂ ಸೇರಿ ನಡೆಸುವ ಕ್ಲಬ್ಬಿನಲ್ಲಿ ನಿಜಕ್ಕೂ ಏನು ಮಾಡುತ್ತಾರೆ ಎಂಬುದು ಒಂದು. ಪೈಲಟ್ ಪರವಾನಗಿಯೂ ಇಲ್ಲದ, ಉಪಕರಣ ಹಿಡಿದ ಅಭ್ಯಾಸವೂ ಇಲ್ಲದ ನಿಮಗೆ ಅಲ್ಲಿ ಏನಾದರೂ ಪ್ರಯೋಜನವಿದೆಯೇ ಎಂಬುದು ಇನ್ನೊಂದು. ಹನ್ನೊಂದು ವರ್ಷಗಳ ಹಿಂದೆ ನಾನು ಸೇರಿದಾಗ ನನಗೂ ಇವೆರಡೂ ಇರಲಿಲ್ಲ. ಆಮೇಲೆ ಎರಡು ಆಸನಗಳ ಲೋಹದ ವಿಮಾನವೊಂದನ್ನು ಕಟ್ಟಿ ಮುಗಿಸಿದ್ದೇನೆ. ಆದ್ದರಿಂದ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಹೌದು ಎಂದೇ. ಮೊದಲನೆಯದಕ್ಕೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕಾಗುತ್ತದೆ, ಏಕೆಂದರೆ ಹೊರಗಿನಿಂದ ಕಾಣುವ ಚಟುವಟಿಕೆಗಳಿಗೂ ಕ್ಲಬ್ಬಿನ ನಿಜವಾದ ಕೆಲಸಕ್ಕೂ ಅಂತರವಿದೆ.

ಹೊರಗೆ ಕಾಣುವುದು ತಿಂಗಳಿಗೊಂದು ಸಭೆ, ಹವಾಮಾನ ಚೆನ್ನಾಗಿರುವ ಭಾನುವಾರ ನಾಲ್ಕಾರು ವಿಮಾನಗಳು ಒಟ್ಟಾಗಿ ಬೇರೊಂದು ನೆಲೆಗೆ ಹಾರಿ ಹೋಗಿ ಊಟ ಮಾಡಿ ಬರುವುದು, ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಹ್ಯಾಂಗರ್, ಅಂದರೆ ವಿಮಾನಗಳನ್ನಿಡುವ ಕೊಟ್ಟಿಗೆ, ತೆರೆದಿಡುವುದು. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ಕ್ಲಬ್ ಇರುವುದು ಮುಖ್ಯವಾಗಿ ಒಬ್ಬರು ಮಾಡಿದ ಕೆಲಸವನ್ನು ಇನ್ನೊಬ್ಬರು ಕಣ್ಣಿಟ್ಟು ನೋಡುವುದಕ್ಕಾಗಿ ಎಂಬುದು ನನ್ನ ಅಭಿಪ್ರಾಯ.

ನನ್ನ ಮೊದಲ ಪಾಠವನ್ನೇ ಹೇಳುತ್ತೇನೆ. ಬಾಲದಲ್ಲಿ ಮೂತಿಯನ್ನು ಎಡಬಲಕ್ಕೆ ತಿರುಗಿಸುವ ಹಲಗೆಯಾದ ರಡ್ಡರ್‌ಗೆ ಅಲ್ಯೂಮಿನಿಯಂ ತಗಡು ಕೂಡಿಸಿ ಮೂವತ್ತೆಂಟು ರಿವೆಟ್ (ತಗಡುಗಳನ್ನು ಹಿಡಿದಿಡುವ ಲೋಹದ ಮೊಳೆ) ಹೊಡೆದು, ಹೆಮ್ಮೆಯಿಂದಲೇ ಅದನ್ನು ಸಭೆಗೆ ಹೊತ್ತುಕೊಂಡು ಹೋಗಿದ್ದೆ. ಹಿರಿಯ ಸದಸ್ಯೆಯೊಬ್ಬರು ಕನ್ನಡಕವನ್ನೂ ಹಾಕಿಕೊಳ್ಳದೆ ಸಾಲಿನ ಮೇಲೆ ಬೆರಳ ತುದಿ ಎಳೆಯುತ್ತ, "ಇದು ಸರಿ, ಇದು ಸರಿ, ಇದು ಮಲಗಿದೆ, ಇದು ಸರಿ" ಎಂದು ಹೇಳುತ್ತ ಹೋದರು. ಗಟ್ಟಿ ರಿವೆಟ್ಟಿನ ಒಂದು ತಲೆ ಮೊದಲೇ ಇರುತ್ತದೆ. ಹಿಂದಿನಿಂದ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿದು ಮುಂದಿನಿಂದ ಗಾಳಿಯ ಸುತ್ತಿಗೆಯಲ್ಲಿ ಹೊಡೆದಾಗ ಇನ್ನೊಂದು ತಲೆ ಮೂಡುತ್ತದೆ. ಆ ಹೊಸ ತಲೆಯ ಅಗಲ ಕಡ್ಡಿಯ ವ್ಯಾಸದ ಒಂದೂವರೆ ಪಟ್ಟು, ಎತ್ತರ ಅರ್ಧದಷ್ಟು ಇರಬೇಕು, ಅಂದರೆ 2.4 ಮಿಲಿಮೀಟರಿನ ರಿವೆಟ್ಟಿಗೆ 3.6 ಮಿಲಿಮೀಟರ್ ಅಗಲ, 1.2 ಮಿಲಿಮೀಟರ್ ಎತ್ತರ. ಅವರ ಬೆರಳು ಹೇಳಿದ್ದನ್ನು ಆಮೇಲೆ ಗೇಜ್ ಇಟ್ಟು ನೋಡಿದಾಗ ಒಂದೂ ತಪ್ಪಿರಲಿಲ್ಲ. ಆ ಸಂಜೆ ಹನ್ನೊಂದು ರಿವೆಟ್ಟುಗಳನ್ನು ಕೊರೆದು ತೆಗೆದೆವು. ತೆಗೆಯುವುದೂ ಒಂದು ವಿದ್ಯೆ. ತಲೆಯ ನಟ್ಟನಡುವೆ ಅದರ ದಪ್ಪದಷ್ಟೇ ಆಳಕ್ಕೆ ಕೊರೆದು, ತಲೆಯನ್ನು ಮುರಿದು, ಉಳಿದ ಕಡ್ಡಿಯನ್ನು ಮೆಲ್ಲಗೆ ಹೊರಗೆ ತಟ್ಟಬೇಕು. ಡ್ರಿಲ್ ಓರೆಯಾದರೆ ತೂತು ಹಿಗ್ಗಿ, ಇನ್ನೂ ದಪ್ಪನೆಯ ರಿವೆಟ್ ಹಾಕಬೇಕಾಗುತ್ತದೆ. ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್ಟುಗಳಿರುವ ವಿಮಾನದಲ್ಲಿ ಈ ಪಾಠ ಮೂವತ್ತೆಂಟರಲ್ಲೇ ಆದದ್ದು ನನ್ನ ಪುಣ್ಯ.

ಬೇರೆ ಸಾಮಗ್ರಿಗಳಿಗೂ ಇಂಥ ಕಲಿಕೆಯ ದಿನಗಳಿರುತ್ತವೆ. ಮರದ ರೆಕ್ಕೆಗೆ ಹೊದಿಸಿದ ಪಾಲಿಯೆಸ್ಟರ್ ಬಟ್ಟೆಯನ್ನು ಮನೆಯ ಇಸ್ತ್ರಿ ಪೆಟ್ಟಿಗೆಯಿಂದಲೇ, ಅದರ ಉಷ್ಣತೆಯನ್ನು ಅಳೆದು ಗುರುತು ಹಾಕಿಕೊಂಡು, ಡೋಲಿನ ಚರ್ಮದಂತೆ ಬಿಗಿಯಾಗಿಸುತ್ತಾರೆ. ಫೈಬರ್ ಗ್ಲಾಸ್ ಪದರಗಳು ಒಳಗೆ ಬಿಟ್ಟುಕೊಂಡಿವೆಯೇ ಎಂದು ತಿಳಿಯಲು ನಾಣ್ಯದಿಂದ ತಟ್ಟುತ್ತ ಹೋಗುತ್ತಾರೆ. ಬಿಟ್ಟ ಜಾಗದಲ್ಲಿ ಶಬ್ದ ಮಂಕಾಗುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಬೆಲೆಯುಳ್ಳದ್ದು ರೆಕ್ಕೆಯನ್ನು ಮುಚ್ಚುವ ಮುನ್ನ ನಡೆಯುವ ತಪಾಸಣೆ. ಅನುಭವಿಗಳೊಬ್ಬರು ಟಾರ್ಚನ್ನೂ ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿಯನ್ನೂ ಹಿಡಿದು ನಿಮ್ಮ ಕೆಲಸದ ಜಾಗಕ್ಕೇ ಬರುತ್ತಾರೆ. ಅವರಿಗೆ ಕಾನೂನಿನ ಅಧಿಕಾರವೇನೂ ಇಲ್ಲ, ಸಂಬಳವೂ ಇಲ್ಲ. ಸರ್ಕಾರದ ತಪಾಸಣೆ ಬೇರೆಯೇ ಇರುತ್ತದೆ. ನನ್ನ ವಿಮಾನದಲ್ಲಿ ಐಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಹಲಗೆ) ತಳ್ಳುವ ಕಡ್ಡಿಯ ತುದಿಯ ಲಾಕ್ ನಟ್ ಬರಿಯ ಬೆರಳಿನಿಂದ ತಿರುಗಿಸಿ ಬಿಟ್ಟಂತೆಯೇ ಇತ್ತು. ಬಿಗಿ ಮಾಡಿದ ಪ್ರತಿಯೊಂದು ನಟ್ಟಿನ ಮೇಲೂ ಒಂದು ಬಣ್ಣದ ಗೆರೆ ಎಳೆಯುವುದು ನಮ್ಮ ಪದ್ಧತಿ, ಅದರ ಮೇಲೆ ಆ ಗೆರೆ ಇರಲಿಲ್ಲ. ಒಂದು ತಿಂಗಳು ದಿನವೂ ಅದರ ಪಕ್ಕದಲ್ಲೇ ಕೈಯಾಡಿಸಿದ್ದ ನನಗೆ ಅದು ಕಂಡಿರಲಿಲ್ಲ. ಅವರಿಗೆ ಎರಡು ನಿಮಿಷದಲ್ಲಿ ಕಂಡಿತು. ಹಾಗೆಯೇ ಹಾರಿದ್ದರೆ ಕಂಪನಕ್ಕೆ ಆ ಕಡ್ಡಿಯ ತುದಿಯ ತಿರುಪಿನ ಎಳೆಗಳು ನಿಧಾನವಾಗಿ ಸವೆಯುತ್ತಿದ್ದವು.

ಎರಡನೆಯ ಕಣ್ಣಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಈ ಹವ್ಯಾಸದ ಚರಿತ್ರೆಯಲ್ಲಿಯೇ ಉದಾಹರಣೆಯಿದೆ. ಫ್ರಾನ್ಸಿನ ಹೆನ್ರಿ ಮಿನ್ಯೆ 1934ರಲ್ಲಿ 'ಹಾರುವ ಚಿಗಟ' ಎಂದು ಹೆಸರಾದ ಪುಟ್ಟ ವಿಮಾನದ ವಿನ್ಯಾಸವನ್ನು ಪ್ರಕಟಿಸಿದಾಗ ಯೂರೋಪಿನಾದ್ಯಂತ ಜನ ತಮ್ಮ ಮನೆಗಳಲ್ಲಿ ಅದನ್ನು ಕಟ್ಟತೊಡಗಿದರು. ಪ್ರಾಣಹಾನಿಯ ಅಪಘಾತಗಳಾದ ಮೇಲೆ ಗಾಳಿಸುರಂಗದಲ್ಲಿ ಪರೀಕ್ಷಿಸಿದಾಗ, ಒಂದರ ಹಿಂದೊಂದಿದ್ದ ಎರಡು ರೆಕ್ಕೆಗಳ ಗಾಳಿ ಪರಸ್ಪರ ಪ್ರಭಾವ ಬೀರುವುದರಿಂದ ಮೂತಿ ಒಮ್ಮೆ ಕೆಳಗಿಳಿದರೆ ಮೇಲೆತ್ತಲಾಗದು ಎಂದು ತಿಳಿಯಿತು. ದೋಷವಿದ್ದದ್ದು ವಿನ್ಯಾಸದಲ್ಲಿ, ಕಟ್ಟಿದವರ ಕೈಯಲ್ಲಲ್ಲ. ಒಂಟಿಯಾಗಿ ಕಟ್ಟುತ್ತಿದ್ದವನಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. 1953ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಕಟ್ಟಿದ, ಸ್ವಂತ ಕೈಯಿಂದ ವಿಮಾನ ಕಟ್ಟುವವರ ಸಂಘವಾದ ಇಎಎ (ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್) ಸಂಸ್ಥೆಯ ಶಾಖೆಗಳು ಪರಸ್ಪರ ತಪಾಸಣೆಯನ್ನು ಒಂದು ವ್ಯವಸ್ಥೆಯಾಗಿಯೇ ಬೆಳೆಸಿವೆ. ನಮ್ಮಂಥ ಸ್ವತಂತ್ರ ಕ್ಲಬ್ಬುಗಳು ಅನುಸರಿಸುವುದೂ ಆ ಮಾದರಿಯನ್ನೇ.

ಹಣ ಕೊಟ್ಟು ಯಾರಿಂದಲಾದರೂ ಕಟ್ಟಿಸಿಕೊಳ್ಳಬಹುದೇ ಎಂದು ಹೊಸಬರು ಕೇಳುವುದುಂಟು. ಅಮೆರಿಕದ ನಿಯಮದಂತೆ ಕಟ್ಟುವ ಕೆಲಸದ ಹೆಚ್ಚಿನ ಪಾಲನ್ನು, ಅಂದರೆ ಶೇಕಡಾ 51ರಷ್ಟನ್ನಾದರೂ, ಹವ್ಯಾಸಿಗಳೇ ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ಹಲವು ದೇಶಗಳಲ್ಲಿ ಇದನ್ನು ಹೋಲುವ ನಿಯಮಗಳಿವೆ. ಸ್ನೇಹಿತರು ಬಿಡಿಗಾಸೂ ಪಡೆಯದೆ ಕೈ ಜೋಡಿಸಿದರೆ ಅಡ್ಡಿಯಿಲ್ಲ. ಏನೂ ಬಾರದ ನಿಮಗೆ ಬಾಗಿಲು ತೆರೆಯುವುದು ಇಲ್ಲಿಯೇ: ರಿವೆಟ್ ಹೊಡೆಯಲು ಅನೇಕ ಕಡೆ ಇಬ್ಬರು ಬೇಕು, ಆ ಎರಡನೆಯ ವ್ಯಕ್ತಿ ಪೈಲಟ್ ಆಗಿರಬೇಕಿಲ್ಲ, ಹಿಂದಿನಿಂದ ಆ ಉಕ್ಕಿನ ಗಟ್ಟಿಯನ್ನು ಅಲುಗಾಡದಂತೆ ಹಿಡಿದರೆ ಸಾಕು. ನಾನು ನನ್ನ ಕಿಟ್, ಅಂದರೆ ವಿಮಾನದ ಬಿಡಿಭಾಗಗಳ ಕಟ್ಟು, ಕೊಳ್ಳುವ ಮುನ್ನ ಒಂದೂವರೆ ವರ್ಷ ಇನ್ನೊಬ್ಬರ ರೆಕ್ಕೆಗಳಿಗೆ ಗಟ್ಟಿ ಹಿಡಿದಿದ್ದೆ.

ಕಟ್ಟಿ ಮುಗಿದ ಮೇಲೆ ಕ್ಲಬ್ಬಿನ ಕೆಲಸ ಇನ್ನೂ ಬಿಗಿಯಾಗುತ್ತದೆ. ಮೂರು ಚಕ್ರಗಳ ಕೆಳಗೆ ಮೂರು ತಕ್ಕಡಿಗಳನ್ನಿಟ್ಟು, ವಿಮಾನವನ್ನು ಮಟ್ಟಸವಾಗಿ ನಿಲ್ಲಿಸಿ ತೂಗಿ, ಗುರುತ್ವ ಕೇಂದ್ರ ಎಲ್ಲಿ ಬರುತ್ತದೆಂದು ಲೆಕ್ಕ ಹಾಕುತ್ತೇವೆ. ಆಮೇಲೆ ಏರುವಾಗಿನಂತೆ ಮೂತಿಯನ್ನು ಮೇಲೆತ್ತಿ ನಿಲ್ಲಿಸಿ ಇಂಧನದ ಕೊಳವೆ ಬಿಚ್ಚಿ, ನಿಮಿಷಕ್ಕೆಷ್ಟು ಹರಿಯುತ್ತದೆಂದು ಅಳೆಯುತ್ತೇವೆ. ನೆಲ ಬಿಟ್ಟು ಮೇಲೇಳುವ ಹೊತ್ತಿನಲ್ಲಿ ಎಂಜಿನ್ನಿಗೆ ಬೇಕಾದುದರ ಶೇಕಡಾ 125ರಷ್ಟು ಪಂಪಿನ ವ್ಯವಸ್ಥೆಯಲ್ಲಿ, ತಾನಾಗಿ ಇಳಿದು ಬರುವ ವ್ಯವಸ್ಥೆಯಲ್ಲಿ ಶೇಕಡಾ 150ರಷ್ಟು ಹರಿಯಬೇಕು. ಕೊನೆಗೆ ಪೈಲಟ್ ವಿಮಾನವನ್ನು ನಡೆಸುವ ಕೋಲನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳನ್ನು ನೆಟ್ಟಗೆ ಮಾಡಿ ಎಡಕ್ಕೆ ಬಾಗಿಸಿದರೆ ಹೆಬ್ಬೆರಳು ತೋರಿಸುವ ಕಡೆಯ ಐಲೆರಾನ್ ಮೇಲೇಳಬೇಕು. ಇದು ಮಕ್ಕಳಾಟದಂತೆ ಕಾಣಬಹುದು. ತಿರುಗುಮುರುಗಾಗಿ ಜೋಡಿಸಿದ ಐಲೆರಾನ್‌ಗಳಿಂದ ವಿಮಾನಗಳು ಬಿದ್ದಿವೆ.

ಮೊದಲ ಹಾರಾಟಕ್ಕೆ ಜನ ಸೇರಿಸುವುದು ಬೇಡವೆಂದು ನಮ್ಮಲ್ಲಿ ಕಟ್ಟುನಿಟ್ಟಾಗಿ ಹೇಳುತ್ತೇವೆ. ಮನೆಯವರೆಲ್ಲ ಕ್ಯಾಮೆರಾ ಹಿಡಿದು ಕಾಯುತ್ತಿದ್ದರೆ "ಇವತ್ತು ಬೇಡ" ಎನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಅಮೆರಿಕದಲ್ಲಿ ಹೊಸ ವಿಮಾನಕ್ಕೆ ಸಾಮಾನ್ಯವಾಗಿ 25 ಅಥವಾ 40 ಗಂಟೆಗಳ ಪರೀಕ್ಷಾ ಹಾರಾಟವನ್ನು ವಿಧಿಸುತ್ತಿದ್ದರು, ಅದೂ ಒಬ್ಬರೇ. 2014ರಿಂದ, ಕೆಲವು ಷರತ್ತುಗಳಿಗೆ ಒಳಪಟ್ಟು, ಅರ್ಹ ಪೈಲಟ್ ಒಬ್ಬರು ಜೊತೆಗೆ ಕೂರಬಹುದು. ಇದು ತಡವಾಗಿಯಾದರೂ ಬಂದ ಒಳ್ಳೆಯ ಬದಲಾವಣೆ ಎಂದು ನನ್ನ ಎಣಿಕೆ.

ಕಟ್ಟುವ ಆಸೆಯೇ ಇಲ್ಲದವರಿಗೂ ಕೆಲಸವಿದೆ. ಇಎಎ 1992ರಲ್ಲಿ ಆರಂಭಿಸಿದ 'ಯಂಗ್ ಈಗಲ್ಸ್' ಕಾರ್ಯಕ್ರಮದಲ್ಲಿ 8ರಿಂದ 17 ವರ್ಷದ 20 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಸದಸ್ಯರು ಉಚಿತವಾಗಿ ಹಾರಿಸಿದ್ದಾರೆ. ನಮ್ಮಲ್ಲೂ ಅಂಥ ದಿನಗಳಿವೆ. ಆ ದಿನ ಪೈಲಟ್‌ಗಳಿಗಿಂತ ಹೆಚ್ಚಾಗಿ ಬೇಕಾಗುವವರು, ಮಕ್ಕಳ ಕೈ ಹಿಡಿದು ಪ್ರೊಪೆಲರಿನಿಂದ ದೂರ ನಡೆಸಿಕೊಂಡು ಹೋಗುವವರು.

ಕುಂದುಗಳನ್ನೂ ಹೇಳಬೇಕು. ಒಂದು ಪ್ರಶ್ನೆಗೆ ಐವರು ಸದಸ್ಯರು ಆರು ಉತ್ತರ ಕೊಡುತ್ತಾರೆ, ಅದರಲ್ಲೂ ಎಂಜಿನ್ ಎಣ್ಣೆಯ ವಿಷಯ ಬಂದರೆ ಸಭೆ ಮುಗಿಯುವುದೇ ಇಲ್ಲ. ಅಂಥಲ್ಲಿ ವಿನ್ಯಾಸಕಾರರ ನಕ್ಷೆ ಹೇಳುವುದನ್ನೇ ನಂಬಿ. ಆರಂಭಿಸಿದವರೆಲ್ಲ ಮುಗಿಸುವುದೂ ಇಲ್ಲ. ಸಾಧಾರಣ ಕಿಟ್ಟಿಗೆ ಒಂದೂವರೆಯಿಂದ ಎರಡು ಸಾವಿರ ಗಂಟೆಗಳ ದುಡಿಮೆ ಬೇಕು, ಧೂಳು ಹಿಡಿದ ರೆಕ್ಕೆಗಳು ಎಷ್ಟೋ ಮನೆಗಳ ಗೋಡೆಗೆ ಒರಗಿವೆ.

ಮೊದಲ ಸಲ ಹೋಗುವಾಗ ಸಭೆಯ ದಿನಕ್ಕಿಂತ ಯಾರಾದರೂ ಕೆಲಸ ಮಾಡುತ್ತಿರುವ ದಿನವನ್ನೇ ಕೇಳಿಕೊಂಡು ಹೋಗಿ, ಏನು ಹಿಡಿದುಕೊಳ್ಳಲಿ ಎಂದು ಕೇಳಿ. ಹಳೆಯ ಷೂ ಹಾಕಿಕೊಂಡಿರಿ. ಅಲ್ಯೂಮಿನಿಯಂ ಚೂರುಗಳು ಅಟ್ಟೆಗೆ ಚುಚ್ಚಿಕೊಂಡು ಮನೆಯವರೆಗೂ ಬರುತ್ತವೆ.