ಪಡುವಣ ಗೋಡೆಗೆ ಯಾವ ಹೊದಿಕೆ?

ಪ್ರಶ್ನೆ: ಮಲ್ಪೆಯಲ್ಲಿ, ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರದಲ್ಲಿ ನಮ್ಮ ಕೆಂಪು ಕಲ್ಲಿನ ಮನೆ. ಪ್ರತಿ ಮಳೆಗಾಲ ಪಡುವಣ ಗೋಡೆ ಒದ್ದೆಯಾಗಿ ಪೇಂಟ್ ಏಳುತ್ತದೆ. ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಹೊಡೆಸಲಾ, ಮರದ ಹಲಗೆಯಾ?

ಉತ್ತರ: ಎರಡೂ ಬೇಡ. ಜಿಐ ಶೀಟಿಗೆ ಉಪ್ಪುಗಾಳಿ ಶತ್ರು, ಕತ್ತರಿಸಿದ ಅಂಚು ಮತ್ತು ಸ್ಕ್ರೂ ತೂತಿನಿಂದಲೇ ತುಕ್ಕು ಶುರುವಾಗುತ್ತದೆ. ಮರ ಚಂದ, ಆದರೆ ವರ್ಷ ವರ್ಷ ಎಣ್ಣೆ ಹಚ್ಚುವ ತಾಳ್ಮೆ ಇದೆಯಾ?

ನನ್ನ ಓಟು ಫೈಬರ್ ಸಿಮೆಂಟ್ ಬೋರ್ಡಿಗೆ, ಅಂದರೆ ನಾರು ಬೆರೆಸಿದ ಸಿಮೆಂಟಿನ ಹಲಗೆಗೆ. ಅದು ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಆದರೆ ಬೋರ್ಡಿಗಿಂತ ಅದನ್ನು ಕೂರಿಸುವ ಕ್ರಮವೇ ಮುಖ್ಯ. ಗೋಡೆಗೆ ನೇರ ಅಂಟಿಸಿದರೆ ಒಳಗೆ ಹೋದ ನೀರು ಅಲ್ಲೇ ಕೂತು, ಮೊದಲೇ ನೀರು ಹೀರುವ ಮುರಕಲ್ಲು (ನಿಮ್ಮ ಕೆಂಪು ಕಲ್ಲು) ಇನ್ನೂ ಜಾಸ್ತಿ ಹೀರುತ್ತದೆ, ಅಲ್ವಾ? ಹಾಗಾಗಿ ನಡುವೆ 20ರಿಂದ 25 ಮಿಲಿಮೀಟರ್ ಸಂದು ಬಿಡಿ, ಮೇಲೆ ಕೆಳಗೆ ಗಾಳಿ ಆಡಲಿ, ಬಾಯಿಗೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಇಲಿಗೆ ಒಳ್ಳೆ ಬಿಡಾರ. ಕತ್ತರಿಸಿದ ಅಂಚಿಗೆಲ್ಲ ಸೀಲರ್ ಬೇಕು. ಸ್ಕ್ರೂ ಉಪ್ಪುಗಾಳಿ ತಡೆಯುವ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆಗಲಿ. ನಾನು ಸುಮ್ನೆ ಉಳಿತಾಯ ಅಂತ ಸಾದಾ ಸ್ಕ್ರೂ ಹಾಕಿಸಿದ್ದೆ, ಎರಡನೇ ಮಳೆಗಾಲಕ್ಕೆ ಪ್ರತಿ ತಲೆಯಿಂದಲೂ ಕಂದು ಕಣ್ಣೀರು ಇಳಿದಿತ್ತು. ಬೋರ್ಡನ್ನು ನೆಲದಿಂದ ಅರ್ಧ ಅಡಿ ಮೇಲೆ ನಿಲ್ಲಿಸಿ, ಸಿಡಿಯುವ ನೀರು ತಾಗಬಾರದು.

ಮೊದಲು ಗೋಡೆ ಪೂರ್ತಿ ಒಣಗಲಿ. ಕೆಲಸ ಜನವರಿ ನಂತರ ಇಟ್ಟುಕೊಳ್ಳಿ. ಈ ವರ್ಷ ದುಡ್ಡು ಸಾಲದಿದ್ದರೆ ಅಜ್ಜಿ ಕಾಲದ ತೆಂಗಿನ ಮಡಲಿನ ತಟ್ಟಿಯನ್ನೇ ಮೇ ಕೊನೆಗೆ ಕಟ್ಟಿ, ಅದೇನೂ ನಾಚಿಕೆಯಲ್ಲ.